ಹೆಬ್ಬೆರಳ ತುದಿಯ ಗುಟ್ಟು ಲೇಖನಿ

ವೇದಿಕೆಯ ಮೇಲಿರುವ ಮೆಂಟಲಿಸ್ಟ್, ಅಂದರೆ ಮನಸ್ಸು ಓದುವಂತೆ ತೋರಿಸುವ ಜಾದೂಗಾರರು, ಅಂಗೈ ಅಗಲದ ಬಿಳಿ ಕಾರ್ಡೊಂದನ್ನು ಹಿಡಿದು ಪೆನ್ಸಿಲಿನಲ್ಲಿ ಏನೋ ಬರೆಯುತ್ತಾರೆ. ಬರೆದದ್ದನ್ನು ಯಾರಿಗೂ ತೋರಿಸುವುದಿಲ್ಲ. ಪೆನ್ಸಿಲನ್ನು ಜೇಬಿಗಿಟ್ಟು, ಮೂರನೇ ಸಾಲಿನಲ್ಲಿ ಕೂತ ಮಹಿಳೆಯೊಬ್ಬರತ್ತ ತಿರುಗಿ, ನೂರರೊಳಗಿನ ಯಾವುದಾದರೂ ಸಂಖ್ಯೆ ಹೇಳಿ ಎನ್ನುತ್ತಾರೆ. ಆಕೆ ತುಸು ಯೋಚಿಸಿ ಐವತ್ತೇಳು ಎನ್ನುತ್ತಾರೆ. ಬದಲಾಯಿಸಬೇಕೆನಿಸಿದರೆ ಈಗಲೇ ಬದಲಾಯಿಸಿ ಎಂದರೂ ಆಕೆ ಒಪ್ಪುವುದಿಲ್ಲ. ಕಾರ್ಡು ತಿರುಗುತ್ತದೆ. ಅದರ ಮೇಲೆ 57 ಎಂದು ಬರೆದಿದೆ. ಕಾರ್ಡು ಆಕೆಯ ಕೈಗೆ ಹೋಗುತ್ತದೆ, ಪಕ್ಕದವರೂ ಇಣುಕಿ ನೋಡುತ್ತಾರೆ, ಸಭೆಯಲ್ಲಿ ಚಪ್ಪಾಳೆ ಏಳುತ್ತದೆ.

ನಡೆದದ್ದು ಸರಳ. ಮೊದಲು ಬರೆದದ್ದು ನಟನೆ. ನಿಜವಾದ ಬರವಣಿಗೆ ನಡೆದದ್ದು ಆಕೆ ಐವತ್ತೇಳು ಎಂದ ಮೇಲೆ, ಎಲ್ಲರ ಕಣ್ಣೆದುರಿಗೆ, ಕಾರ್ಡಿನ ಮರೆಯಲ್ಲಿ. ಬರೆದದ್ದು ಹೆಬ್ಬೆರಳ ಉಗುರಿಗೆ ಅಂಟಿಸಿಕೊಂಡ, ಕೆಲವೇ ಮಿಲಿಮೀಟರ್ ಉದ್ದದ ಪೆನ್ಸಿಲ್ ಕಡ್ಡಿಯ ತುಣುಕು. ಜಾದೂಗಾರರು ಇದನ್ನು ನೇಲ್ ರೈಟರ್, ಥಂಬ್ ರೈಟರ್, ಸ್ವಾಮಿ ಗಿಮಿಕ್ ಎಂದೆಲ್ಲ ಕರೆಯುತ್ತಾರೆ. ಇದು ಯಾರೊಬ್ಬರ ಸ್ವಂತ ಗುಟ್ಟೂ ಅಲ್ಲ. ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅಚ್ಚಾಗುತ್ತ ಬಂದಿರುವ ಪಠ್ಯಪುಸ್ತಕದ ಮೊದಲ ಪಾಠವೇ ಇದು.

ಇದನ್ನು ಕಲಿಯಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವುದನ್ನು ಕೊಳ್ಳಬೇಕು? ಅಂಟಿಸುವುದೋ, ಸಿಕ್ಕಿಸುವುದೋ? ಪೆನ್ಸಿಲಿನದೋ, ಮಾರ್ಕರಿನದೋ? ಜಾದೂ ಸಾಮಗ್ರಿಯ ಅಂಗಡಿಗಳಲ್ಲಿ ಬಗೆಬಗೆಯವು ಇವೆ. ಹೊಸಬರು ಒಂದೊಂದನ್ನೇ ಕೊಂಡು, ಒಂದೂ ಒಗ್ಗದೆ, ಕೊನೆಗೆ ಈ ವಿದ್ಯೆಯೇ ತಮಗೆ ಹೇಳಿದ್ದಲ್ಲ ಎಂದು ಕೈಬಿಡುವುದು ತೀರ ಸಾಮಾನ್ಯ. ನನ್ನ ಅಭಿಪ್ರಾಯದಲ್ಲಿ ಆಯ್ಕೆಯನ್ನು ಸಾಧನದಿಂದ ಶುರು ಮಾಡುವುದೇ ತಪ್ಪು. ಪ್ರದರ್ಶನದ ಕೊನೆಯಲ್ಲಿ ಪ್ರೇಕ್ಷಕರ ಕೈ ಸೇರುವ ಆ ಕಾರ್ಡಿನಿಂದ ಶುರು ಮಾಡಬೇಕು. ಅದರ ಮೇಲಿನ ಬರಹ ಹೇಗೆ ಕಾಣಬೇಕು, ಎಷ್ಟು ದೂರದಿಂದ ಕಾಣಬೇಕು, ಯಾವ ಲೇಖನಿಯಿಂದ ಬರೆದಂತೆ ತೋರಬೇಕು ಎಂಬುದು ಗೊತ್ತಾದರೆ ಸಾಧನ ತಾನಾಗಿಯೇ ತೀರ್ಮಾನವಾಗುತ್ತದೆ.

ಸ್ಲೇಟಿನಿಂದ ಉಗುರಿಗೆ

ಈ ಕಲೆಯ ಮೂಲ ಅಷ್ಟೇನೂ ಗೌರವದ್ದಲ್ಲ. 1876ರಲ್ಲಿ ಹೆನ್ರಿ ಸ್ಲೇಡ್ ಎಂಬ ಅಮೆರಿಕನ್ ಲಂಡನ್ನಿಗೆ ಬಂದ. ಸತ್ತವರ ಆತ್ಮಗಳು ತನ್ನ ಮೂಲಕ ಸ್ಲೇಟಿನ ಮೇಲೆ ಬರೆಯುತ್ತವೆ ಎಂದು ಸಾರಿದ. ಸ್ಲೇಟನ್ನು ಮೇಜಿನ ಕೆಳಗೆ ಹಿಡಿದರೆ ಬಳಪ ಗೀಚುವ ಸದ್ದು ಕೇಳುತ್ತಿತ್ತು, ಹೊರತೆಗೆದರೆ ಅದರ ಮೇಲೆ ಬರಹ ಮೂಡಿರುತ್ತಿತ್ತು. ದುಡ್ಡು ಕೊಟ್ಟು ನೋಡಲು ಬಂದವರಲ್ಲಿ ದೊಡ್ಡ ಮನುಷ್ಯರೂ ಇದ್ದರು. ಆ ಸೆಪ್ಟೆಂಬರಿನಲ್ಲಿ ಪ್ರಾಣಿಶಾಸ್ತ್ರಜ್ಞ ರೇ ಲ್ಯಾಂಕೆಸ್ಟರ್ ಮತ್ತು ವೈದ್ಯ ಹೊರೇಷಿಯೊ ಡಾಂಕಿನ್ ಅವನ ಮುಂದೆ ಕೂತರು. ಆತ್ಮ ಬರೆಯಲು ಶುರು ಮಾಡುವ ಮೊದಲೇ ಲ್ಯಾಂಕೆಸ್ಟರ್ ಸ್ಲೇಟನ್ನು ಕಸಿದುಕೊಂಡರು. ಬರಹ ಆಗಲೇ ಅಲ್ಲಿತ್ತು.

ಪ್ರಕರಣ ಬೋ ಸ್ಟ್ರೀಟ್ ನ್ಯಾಯಾಲಯಕ್ಕೆ ಹೋಯಿತು. ಮೊಕದ್ದಮೆಯ ಖರ್ಚಿಗೆಂದು ಚಾರ್ಲ್ಸ್ ಡಾರ್ವಿನ್ 10 ಪೌಂಡ್ ಕೊಟ್ಟರು. ವಿಕಾಸವಾದದಲ್ಲಿ ಅವರ ಸಹಪಥಿಕರಾದ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಸ್ಲೇಡ್ ಪರವಾಗಿ ಸಾಕ್ಷಿ ನುಡಿದರು. ಜಾದೂಗಾರ ಜಾನ್ ನೆವಿಲ್ ಮಸ್ಕೆಲೈನ್ ಸ್ಲೇಟಿನ ತಂತ್ರಗಳನ್ನು ಕೋರ್ಟಿನಲ್ಲೇ ವಿವರಿಸಿದರು. ಸ್ಲೇಡ್‌ಗೆ ಮೂರು ತಿಂಗಳ ಕಠಿಣ ಸಜೆಯಾಯಿತು. ಮರುವರ್ಷ ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣದಿಂದ ಶಿಕ್ಷೆ ರದ್ದಾಯಿತು. ಆತ ಇಂಗ್ಲೆಂಡ್ ಬಿಟ್ಟು ಹೋದ.

ಸ್ಲೇಡ್ ಸಿಕ್ಕಿಬಿದ್ದದ್ದು ಬರವಣಿಗೆಯ ಹೊತ್ತಿನ ವಿಚಾರದಲ್ಲಿ. ಆಗ ನಡೆಯಬೇಕಿದ್ದ ಬರಹ ಮೊದಲೇ ನಡೆದಿತ್ತು. ಹೆಬ್ಬೆರಳಿನ ಸಾಧನ ಇದಕ್ಕೆ ಉಲ್ಟಾ: ಮೊದಲೇ ನಡೆದಿರಬೇಕಿದ್ದ ಬರಹ ಆಮೇಲೆ ನಡೆಯುತ್ತದೆ. ಎರಡರ ಬಂಡವಾಳವೂ ಒಂದೇ. ಯಾವುದು ಮೊದಲಾಯಿತು, ಯಾವುದು ಆಮೇಲಾಯಿತು ಎಂಬುದನ್ನು ನೋಡುವವರು ಸರಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ.

ಇದನ್ನು ಪ್ರಯೋಗದಿಂದಲೇ ತೋರಿಸಿದವರು ರಿಚರ್ಡ್ ಹಾಡ್ಜ್‌ಸನ್ ಮತ್ತು ಎಸ್. ಜೆ. ಡೇವಿ. ಹಾಡ್ಜ್‌ಸನ್ ಹೆಸರಿಗೆ ನಮ್ಮ ಪಕ್ಕದ ಮದ್ರಾಸಿನ ನಂಟಿದೆ. ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಗೆ ‘ಮಹಾತ್ಮ’ರೆಂಬ ಕಾಣದ ಗುರುಗಳಿಂದ ಬರುತ್ತಿವೆ ಎನ್ನಲಾದ ಪತ್ರಗಳನ್ನು ತನಿಖೆ ಮಾಡಲು 1884ರ ಕೊನೆಯಲ್ಲಿ ಲಂಡನ್ನಿನ ಸೈಕಿಕಲ್ ರಿಸರ್ಚ್ ಸೊಸೈಟಿಯ ಪರವಾಗಿ ಬಂದವರು ಅವರೇ. ಪತ್ರಗಳು ಮೋಸವೆಂದು ಅವರು 1885ರಲ್ಲಿ ಕೊಟ್ಟ ವರದಿಯ ಕುರಿತ ವಿವಾದ ನೂರು ವರ್ಷ ಕಳೆದರೂ ಮುಗಿಯಲಿಲ್ಲ. ಆದರೆ 1887ರಲ್ಲಿ ಡೇವಿ ಜೊತೆ ಸೇರಿ ಅವರು ಪ್ರಕಟಿಸಿದ ಅಧ್ಯಯನ ಜಾದೂಗಾರರಿಗೆ ಇಂದಿಗೂ ಪಾಠ. ಡೇವಿ ಸ್ಲೇಟಿನ ತಂತ್ರಗಳನ್ನು ಅಭ್ಯಾಸ ಮಾಡಿ, ವಿದ್ಯಾವಂತರನ್ನು ಕರೆದು ಕೂರಿಸಿ ಪ್ರದರ್ಶಿಸಿದರು. ನೋಡಿದ್ದನ್ನು ಬರೆದುಕೊಡಿ ಎಂದರು. ಜನ ನಿಷ್ಠೆಯಿಂದ ಬರೆದುಕೊಟ್ಟರು. ಆದರೆ ಆ ವರದಿಗಳಲ್ಲಿ ನಡೆದದ್ದೆಷ್ಟೋ ಬಿಟ್ಟುಹೋಗಿತ್ತು, ಘಟನೆಗಳ ಕ್ರಮ ಅದಲುಬದಲಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಮುಖ್ಯವೆಂದು ತೋರದ್ದನ್ನು ಅವರ ನೆನಪು ಉಳಿಸಿಕೊಂಡಿರಲಿಲ್ಲ.

20ನೇ ಶತಮಾನಕ್ಕೆ ಬಂದಾಗ ಸ್ಲೇಟು ಹಿಂದೆ ಸರಿದು ಕಾಗದ, ಕಾರ್ಡು, ಲಕೋಟೆಗಳು ಬಂದವು. ತಲೆಗೆ ಪೇಟ ಸುತ್ತಿ, ಪೌರಸ್ತ್ಯ ವೇಷ ತೊಟ್ಟು ಮನಸ್ಸು ಓದುವವರೆಂದು ಮೆರೆದ ಪಾಶ್ಚಾತ್ಯ ಪ್ರದರ್ಶಕರ ಕಾಲವದು. ಅಮೆರಿಕದ ಕ್ಲಾಡ್ ಅಲೆಕ್ಸಾಂಡರ್ ಕಾನ್ಲಿನ್ ಅವರ ಪೇಟದ ಪೋಸ್ಟರುಗಳು ಇಂದಿಗೂ ಸಂಗ್ರಾಹಕರ ಅಚ್ಚುಮೆಚ್ಚು. ಸಾಧನಕ್ಕೆ ‘ಸ್ವಾಮಿ’ ಎಂಬ ಹೆಸರು ಅಂಟಿಕೊಂಡದ್ದೂ ಆ ಗಾಳಿಯಲ್ಲೇ. ಥಿಯೊಡೋರ್ ಆನ್‌ಮನ್ 1934ರಿಂದ 1941ರವರೆಗೆ ನಡೆಸಿದ ‘ದಿ ಜಿಂಕ್ಸ್’ ಪತ್ರಿಕೆಯಿಂದ ಮೆಂಟಲಿಸಂ ಜಾದೂವಿನೊಳಗೇ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆಯಿತು. ಮುಂದೆ ಲಂಡನ್ನಿನ ಟೋನಿ ಕೊರಿಂಡಾ ಹದಿಮೂರು ಕಿರುಹೊತ್ತಿಗೆಗಳಲ್ಲಿ ಇಡೀ ವಿದ್ಯೆಯನ್ನು ಕ್ರಮವಾಗಿ ಬರೆದರು. 1961ರಲ್ಲಿ ಅವು ‘ಥರ್ಟೀನ್ ಸ್ಟೆಪ್ಸ್ ಟು ಮೆಂಟಲಿಸಂ’ ಎಂಬ ಒಂದೇ ಪುಸ್ತಕವಾದವು. ಅದರ ಮೊದಲ ಮೆಟ್ಟಿಲು ಸ್ವಾಮಿ ಗಿಮಿಕ್. ಹದಿಮೂರನೆಯದು ಮಾತು ಮತ್ತು ಪ್ರಸ್ತುತಿ. ಬೆರಳಿನಿಂದ ಹೊರಟು ಮಾತಿಗೆ ತಲುಪುವ ಈ ಕ್ರಮವನ್ನು ಕಲಿಯುವವರು ಮರೆಯಬಾರದು.

ಇರುವ ಬಗೆಗಳು

ಹೆಸರುಗಳು ಹತ್ತಾರಿದ್ದರೂ ಬೆರಳಿಗೆ ಕೂರುವ ರೀತಿಯಿಂದ ನೋಡಿದರೆ ಮುಖ್ಯ ಬಗೆಗಳು ನಾಲ್ಕು.

ಮೊದಲನೆಯದು ಉಗುರಿನ ಮೇಲೆ ಅಂಟುವಂಥದ್ದು. ತೆಳುವಾದ ಪ್ಲಾಸ್ಟಿಕ್ ಅಥವಾ ಲೋಹದ ಚೂರು, ಅದರ ತುದಿಯಲ್ಲಿ ಕಡ್ಡಿ. ಹಿಂಬದಿಗೆ ಮೇಣವೋ ಮರುಬಳಸಬಹುದಾದ ಅಂಟೋ ಇರುತ್ತದೆ. ಅತಿ ಚಿಕ್ಕದು ಇದೇ. ಬೆರಳಿನ ಒಳಭಾಗ ಪೂರ್ತಿ ಖಾಲಿಯಾಗಿ ಕಾಣುವುದರಿಂದ ಅಂಗೈ ತೋರಿಸಿ ಮಾತಾಡಬಹುದು. ತೊಂದರೆಯೆಂದರೆ ಅಂಟು. ಅದು ಬಿಟ್ಟರೆ ಪ್ರದರ್ಶನವೇ ನಿಂತುಹೋಗುತ್ತದೆ.

ಎರಡನೆಯದು ಉಗುರಿನ ತುದಿಗೆ ಸಿಕ್ಕಿಸುವಂಥದ್ದು. ಅಂಟಿನ ಗೊಡವೆಯಿಲ್ಲ, ಹಾಕಿ ತೆಗೆಯುವುದೂ ಬೇಗ. ಆದರೆ ಉಗುರು ಸ್ವಲ್ಪ ಬೆಳೆದಿರಬೇಕು. ಉಗುರು ಕಚ್ಚುವ ಅಭ್ಯಾಸ ಇರುವವರಿಗೆ, ಕೈಕೆಲಸ ಮಾಡುತ್ತ ಉಗುರು ಮೋಟಾಗಿಸಿಕೊಂಡವರಿಗೆ ಇದು ನಿಲ್ಲುವುದೇ ಇಲ್ಲ.

ಮೂರನೆಯದು ಹೆಬ್ಬೆರಳ ಮೊದಲ ಗಿಣ್ಣಿನ ಮೇಲೆ ಉಂಗುರದಂತೆ ಕೂರುವ ಬ್ಯಾಂಡ್ ರೈಟರ್. ನಾಲ್ಕರಲ್ಲಿ ಬಹುಶಃ ಅತಿ ಗಟ್ಟಿಯಾಗಿ ಕೂರುವುದು ಇದೇ. ಒತ್ತಿ ಬರೆದರೂ ಅಲುಗುವುದಿಲ್ಲ, ಗೆರೆ ಕಪ್ಪಾಗಿ ಬರುತ್ತದೆ. ಕಲಿಯುವವರಿಗೆ ಅನುಕೂಲ. ಆದರೆ ಕಾಣುವ ಜಾಗ ಹೆಚ್ಚು. ಕಾರ್ಡಿನ ಮರೆ ತಪ್ಪಿದ ಕ್ಷಣ ಪಟ್ಟಿ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯದು ಪೊಳ್ಳು ಹೆಬ್ಬೆರಳು, ಅಂದರೆ ಥಂಬ್ ಟಿಪ್. ಅದರ ತುದಿಯಲ್ಲಿ ಕಡ್ಡಿಯನ್ನೋ ಮಾರ್ಕರಿನ ಮೊನೆಯನ್ನೋ ಕೂರಿಸಿರುತ್ತಾರೆ. ಕರವಸ್ತ್ರ ಮಾಯ ಮಾಡುವ ಜಾದೂಗಾರರಿಗೆ ಈ ಟಿಪ್ ಹಳೆಯ ಗೆಳೆಯ. ಶಾಯಿ ತುಂಬುವಷ್ಟು ಜಾಗ ಇರುವುದರಿಂದ ಮಾರ್ಕರಿನ ದಪ್ಪ ಬರಹ ಬೇಕಾದವರು ಇದರ ಮೊರೆ ಹೋಗುತ್ತಾರೆ. ಆದರೆ ಹತ್ತಿರದಿಂದ ನೋಡುವವರ ಮುಂದೆ ಇದನ್ನು ಬಳಸಲು ಎದೆಗಾರಿಕೆಯೂ ಅನುಭವವೂ ಬೇಕು.

ಈ ನಾಲ್ಕರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಅರ್ಥವಿಲ್ಲ. ಕನ್ನಡಕದ ವಿಷಯದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ಇನ್ನೊಬ್ಬರಿಗೆ ಸ್ಪಷ್ಟವಾಗಿ ಕಂಡದ್ದು ನಮಗೆ ಮಂಜಾಗಬಹುದು. ಬೆರಳಿನ ದಪ್ಪ, ಉಗುರಿನ ಬಾಗು, ಗಿಣ್ಣು ಮಡಚುವ ಕೋನ ಒಬ್ಬೊಬ್ಬರದು ಒಂದೊಂದು ಥರ.

ಕಡ್ಡಿ ಮೊದಲು, ಹಿಡಿಕೆ ಆಮೇಲೆ

ಸಾಧನದ ಆಕಾರಕ್ಕಿಂತ ಮುಖ್ಯವಾದದ್ದು ಅದು ಕಾಗದದ ಮೇಲೆ ಬಿಡುವ ಗುರುತು. ಪ್ರೇಕ್ಷಕರು ಸಾಧನವನ್ನು ನೋಡುವುದಿಲ್ಲ, ಗುರುತನ್ನು ನೋಡುತ್ತಾರೆ. ಕಾರ್ಡನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಕೆಲವರು ಬೆರಳಿನಿಂದ ಉಜ್ಜಿಯೂ ನೋಡುತ್ತಾರೆ. ಆ ಪರೀಕ್ಷೆಯಲ್ಲಿ ಪಾಸಾಗುವಂಥ ಗುರುತು ಬೇಕು.

ಸಾಮಾನ್ಯ ಪೆನ್ಸಿಲಿನ ಗ್ರಾಫೈಟ್ ಕಡ್ಡಿ ಹತ್ತಿರದ ಪ್ರದರ್ಶನಕ್ಕೆ ಚೆನ್ನ. ಮನೆಯ ಹಜಾರದಲ್ಲಿ, ನಾಲ್ಕಾರು ಜನರ ಮುಂದೆ, ಚಿಕ್ಕ ಕಾರ್ಡಿನ ಮೇಲೆ ಅದರ ಬರಹ ಸಹಜವಾಗಿ ಕಾಣುತ್ತದೆ. ಗಡಸು ಕಡ್ಡಿ ಬೇಡ; ಹೆಬ್ಬೆರಳಿಗೆ ಕೈಯ ಒತ್ತಡ ಬರುವುದಿಲ್ಲವಾದ್ದರಿಂದ ಚಿತ್ರ ಬರೆಯುವವರು ಬಳಸುವ ಬಿ ಸಾಲಿನ ಮೆದು ಕಡ್ಡಿಯೇ ಬೇಕು. ಆದರೆ ಗ್ರಾಫೈಟಿಗೆ ಒಂದು ಗುಣವಿದೆ: ಅದು ಹೊಳೆಯುತ್ತದೆ. ವೇದಿಕೆಯ ಪ್ರಖರ ದೀಪ ಓರೆಯಾಗಿ ಬಿದ್ದರೆ ಗೆರೆ ಕಪ್ಪಾಗಿ ಕಾಣುವ ಬದಲು ಬೆಳ್ಳಗೆ ಮಿನುಗಿ ಕಾಗದದಲ್ಲೇ ಕರಗಿಹೋಗುತ್ತದೆ. ಹಿಂದಿನ ಸಾಲಿನವರಿಗೆ ಖಾಲಿ ಕಾರ್ಡು ತೋರಿಸಿದಂತಾಗುತ್ತದೆ.

ಆ ಸಮಸ್ಯೆಗೆ ಉತ್ತರ ಮೇಣದ ಕಡ್ಡಿ. ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಗಾಜಿನ ನಳಿಕೆಯ ಮೇಲೆ ಗುರುತು ಹಾಕುತ್ತಿದ್ದ ಗ್ಲಾಸ್ ಮಾರ್ಕಿಂಗ್ ಪೆನ್ಸಿಲಿನ ಜಾತಿಯದು. ಪಶ್ಚಿಮದ ಜಾದೂಗಾರರಲ್ಲಿ ‘ಲಿಸ್ಟೊ’ ಎಂಬ ಕಂಪನಿಯ ಕಡ್ಡಿಯ ಹೆಸರೇ ಈ ಜಾತಿಗೆಲ್ಲ ಅಡ್ಡಹೆಸರಾಗಿಬಿಟ್ಟಿದೆ. ಗೆರೆ ದಪ್ಪ, ಕಡುಗಪ್ಪು, ಹೊಳಪಿಲ್ಲ. ಹೆಚ್ಚು ಒತ್ತುವುದೂ ಬೇಡ. ದೂರಕ್ಕೆ ಕಾಣುತ್ತದೆ. ನುಣುಪಾದ ಕಾರ್ಡಿನ ಮೇಲೂ ಹತ್ತುತ್ತದೆ. ಬಿಸಿಗೆ ಮೆದುವಾಗಿ ಹರಡುವುದು, ಬೆರಳು ತಾಕಿದರೆ ಅಂಟುವುದು ಇದರ ದೋಷ.

ಮೂರನೆಯದು ಮಾರ್ಕರಿನ ಮೊನೆ. ಇಂದಿನ ಪ್ರೇಕ್ಷಕರಿಗೆ ಪೆನ್ಸಿಲಿಗಿಂತ ಮಾರ್ಕರ್ ಹೆಚ್ಚು ಸಹಜ. ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಹಿಡಿಯುವವರು ಎಷ್ಟು ಜನ? ಬರಹ ಅಳಿಸುವುದಿಲ್ಲ, ಸಭಾಂಗಣದ ಕೊನೆಗೂ ಕಾಣುತ್ತದೆ. ಆದರೆ ಮೊನೆ ಒಣಗುತ್ತದೆ. ಮುಚ್ಚಳ ತೆಗೆದ ಮೇಲೆ ಸಮಯ ಓಡಲು ಶುರುವಾಗುತ್ತದೆ. ಬಿಳಿ ಅಂಗಿಯ ಕಫಿಗೆ ಶಾಯಿ ತಾಗಿದರೆ ಆ ಕಪ್ಪು ಚುಕ್ಕೆಗೆ ವಿವರಣೆ ಕೊಡಲಾಗುವುದಿಲ್ಲ.

ಇಲ್ಲಿ ಮುರಿಯಬಾರದ ನಿಯಮ ಒಂದೇ. ಕೈಯಲ್ಲಿ ತೋರಿಸುವ ಲೇಖನಿ ಮತ್ತು ಬೆರಳಲ್ಲಿ ಅಡಗಿರುವ ಕಡ್ಡಿ ಒಂದೇ ಜಾತಿಯವಾಗಿರಬೇಕು. ಬಾಲ್‌ಪೆನ್ ತೋರಿಸಿ ಗ್ರಾಫೈಟಿನಲ್ಲಿ ಬರೆದರೆ ನೂರು ಜನರಲ್ಲಿ ಒಬ್ಬರಾದರೂ ಗಮನಿಸುತ್ತಾರೆ, ಆ ಒಬ್ಬರು ಇನ್ನು ಹತ್ತು ಜನರಿಗೆ ಹೇಳುತ್ತಾರೆ. ಹಾಗೆಯೇ ಕಾಗದ. ಲ್ಯಾಮಿನೇಟ್ ಮಾಡಿದ ಇಂದಿನ ಮಿರುಗುವ ವಿಸಿಟಿಂಗ್ ಕಾರ್ಡುಗಳ ಮೇಲೆ ಗ್ರಾಫೈಟ್ ಹತ್ತುವುದೇ ಇಲ್ಲ. ತುಸು ಒರಟು ಮೈಯ, ಬೆರಳ ಒತ್ತಡಕ್ಕೆ ಬಾಗದಷ್ಟು ದಪ್ಪದ ಬಿಳಿ ಕಾರ್ಡನ್ನು ಮುದ್ರಣಾಲಯದಲ್ಲಿ ಹೇಳಿ ಕತ್ತರಿಸಿಕೊಳ್ಳುವುದು ಲೇಸು. ದುಬಾರಿ ಸಾಧನ ಕೊಂಡು ಕಾಗದದಲ್ಲಿ ಜಿಪುಣತನ ಮಾಡುವವರಿಗೆ ಈ ವಿದ್ಯೆ ಒಲಿಯದು.

ನಮ್ಮ ಬೆರಳು, ನಮ್ಮ ಹವೆ, ನಮ್ಮ ಅಕ್ಷರ

ಇಂಗ್ಲಿಷ್ ಪುಸ್ತಕಗಳು ಹೇಳದ ಕೆಲವು ಸಂಗತಿಗಳನ್ನು ನಾವೇ ಯೋಚಿಸಿಕೊಳ್ಳಬೇಕು.

ಮೊದಲನೆಯದು ಬಣ್ಣ. ಹೊರದೇಶಗಳಿಂದ ಬರುವ ಪೊಳ್ಳು ಹೆಬ್ಬೆರಳು, ಪಟ್ಟಿಗಳ ‘ಚರ್ಮದ ಬಣ್ಣ’ ಬಹುಮಟ್ಟಿಗೆ ತಿಳಿಗುಲಾಬಿ. ಅದು ಯಾರ ಚರ್ಮವೋ ಇರಬಹುದು, ನಮ್ಮದಂತೂ ಅಲ್ಲ. ಗೋಧಿಬಣ್ಣದ, ಕಂದುಬಣ್ಣದ ಕೈಯಲ್ಲಿ ಅದು ದೂರದಿಂದಲೇ ಎದ್ದು ಕಾಣುತ್ತದೆ. ಬಣ್ಣ ಹಚ್ಚಿ ಹೊಂದಿಸಿಕೊಳ್ಳಬಹುದು, ನಮ್ಮ ಮೈಬಣ್ಣಕ್ಕೆ ಹೊಂದುವಂಥವೂ ಸಿಗುತ್ತವೆ. ಆದರೂ ಉಗುರಿನ ಬಣ್ಣ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಉಗುರಿಗೆ ಅಂಟುವ ಬಗೆಯೇ ನಮಗೆ ಹೆಚ್ಚು ಸುರಕ್ಷಿತ. ಉಗುರಿಗೆ ಬಣ್ಣ ಹಚ್ಚುವ ಕಲಾವಿದೆಯರಿಗೆ ಇನ್ನೊಂದು ಅನುಕೂಲ: ಸಾಧನಕ್ಕೂ ಅದೇ ಬಣ್ಣ ಹಚ್ಚಿಬಿಟ್ಟರೆ ಉಗುರೂ ಸಾಧನವೂ ಒಂದಾಗುತ್ತವೆ.

ಎರಡನೆಯದು ಹವೆ. ಮಂಗಳೂರಿನಲ್ಲೋ ಕಾರವಾರದಲ್ಲೋ ಮೇ ತಿಂಗಳ ಸಂಜೆ ಪ್ರದರ್ಶನ ಕೊಡುವವರ ಬೆವರು ಅಂಟಿಗೆ ಶತ್ರು. ಕಲಬುರಗಿಯ ಬಿಸಿಲಲ್ಲಿ ಮೇಣ ಮೆದುವಾಗುತ್ತದೆ. ಅಂಟಿಸುವ ಮೊದಲು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಉಗುರಿನ ಜಿಡ್ಡು ತೆಗೆಯುವುದು, ಮೇಣವನ್ನು ತೀರ ತೆಳುವಾಗಿ ಹಚ್ಚುವುದು, ಬದಲಿ ಸಾಧನವೊಂದನ್ನು ಇನ್ನೊಂದು ಜೇಬಿನಲ್ಲಿಟ್ಟುಕೊಳ್ಳುವುದು ಕರಾವಳಿಯ ಕಲಾವಿದರಿಗೆ ಅನಿವಾರ್ಯ.

ಮೂರನೆಯದು, ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು, ಅಕ್ಷರ. ಹೆಬ್ಬೆರಳು ಗಿಣ್ಣಿನಲ್ಲಿ ಮಡಚಿ ಬಿಚ್ಚುವ ಅಂಗ. ಮೇಲಿಂದ ಕೆಳಗೆ ಗೆರೆ ಎಳೆಯುವುದು ಅದಕ್ಕೆ ಸಲೀಸು. ಅಡ್ಡಗೆರೆ ಅಷ್ಟು ಸುಲಭವಲ್ಲ, ವೃತ್ತವಂತೂ ಕಷ್ಟ. 1, 4, 7 ಹುಟ್ಟಿರುವುದೇ ಹೆಬ್ಬೆರಳಿಗಾಗಿ ಎಂಬಷ್ಟು ಅನುಕೂಲ. 8 ಮತ್ತು 0 ಕಾಟ ಕೊಡುತ್ತವೆ. ಹೀಗಿರುವಾಗ ಗುಂಡಗಿನ ಕನ್ನಡ ಲಿಪಿಯನ್ನು ಊಹಿಸಿಕೊಳ್ಳಿ. ತಲೆಕಟ್ಟು, ಸುಳಿ, ಕೊಂಬು, ಅದರ ಕೆಳಗೆ ಒತ್ತಕ್ಷರ! ‘ಕೃಷ್ಣಮೂರ್ತಿ’ ಎಂದು ಹೆಬ್ಬೆರಳಲ್ಲಿ ಬರೆಯಹೊರಟರೆ ಸಭೆ ಎದ್ದು ಹೋಗುವ ಹೊತ್ತಾದೀತು.

ಇದಕ್ಕೆ ಪರಿಹಾರ ಪ್ರಯೋಗವನ್ನು ಕಟ್ಟುವುದರಲ್ಲಿದೆ. ವಾಕ್ಯವನ್ನೆಲ್ಲ ಮೊದಲೇ, ಎಲ್ಲರ ಎದುರು, ನಿಜವಾದ ಲೇಖನಿಯಿಂದ ಕನ್ನಡದಲ್ಲಿ ಬರೆಯಿರಿ: ‘ಈ ಸಂಜೆ ನೀವು ಆರಿಸುವ ಸಂಖ್ಯೆ’ ಎಂದು. ಸಂಖ್ಯೆಯ ಜಾಗ ಮಾತ್ರ ಖಾಲಿ ಬಿಡಿ. ಬರೆದವರು ನೀವು, ಕೈಬರಹ ನಿಮ್ಮದು, ಬರೆಯುವ ಸದ್ದನ್ನೂ ಸಭೆ ಕೇಳಿದೆ. ಆಮೇಲೆ ಹೆಬ್ಬೆರಳು ಬರೆಯಬೇಕಾದ್ದು ಎರಡೇ ಅಂಕಿ. ಊರಿನ ಹೆಸರು ಬೇಕಿದ್ದರೆ ಕರ್ನಾಟಕದ ಹತ್ತು ಊರುಗಳ ಪಟ್ಟಿ ಮುದ್ರಿಸಿದ ಕಾರ್ಡು ಮಾಡಿಸಿ, ಆರಿಸಿದ ಊರಿನ ಮುಂದೆ ಒಂದು ಗುರುತು ಹಾಕಿದರಾಯಿತು. ಬೆರಳಿನ ಒಂದು ಸಣ್ಣ ಗೆರೆಯಿಂದ ಮಡಿಕೇರಿಯೂ ಚಿಕ್ಕಬಳ್ಳಾಪುರವೂ ‘ಬರೆದಂತೆ’ ಆಗುತ್ತವೆ. ಕಡಿಮೆ ಬರೆದಷ್ಟೂ ಹೆಚ್ಚು ನಂಬಿಸಬಹುದು.

ಆ ಎರಡು ಕ್ಷಣ

ಬರವಣಿಗೆಯನ್ನು ಹತ್ತಿರದಿಂದ ನೋಡೋಣ. ಕಾರ್ಡು ಅಡ್ಡವಾಗಿ ಬಲಗೈಯಲ್ಲಿದೆ. ನಾಲ್ಕು ಬೆರಳುಗಳು ಪ್ರೇಕ್ಷಕರ ಕಡೆ, ಬೆನ್ನಿಗೆ ಆಸರೆಯಾಗಿ ಹರಡಿಕೊಂಡಿವೆ. ಹೆಬ್ಬೆರಳು ಮಾತ್ರ ಒಳಬದಿಯಲ್ಲಿದೆ. ಕಾರ್ಡಿನ ಮಧ್ಯೆ ಮೊದಲೇ ಎಳೆದಿಟ್ಟ ಚಿಕ್ಕ ಚೌಕವೊಂದಿದೆ. ಕಣ್ಣು ಹಾಯಿಸದೆ ಬರೆಯುವಾಗ ಅಂಕಿ ಎಲ್ಲಿ ಬೀಳಬೇಕೆಂಬ ಅಂದಾಜು ಅದರಿಂದ ಬರುತ್ತದೆ. ಐವತ್ತೇಳು ಎಂದ ಕೂಡಲೇ ಬರೆಯುವುದಿಲ್ಲ. ಮೊದಲು ಮಾತು: ‘ಈ ಸಂಖ್ಯೆ ನಿಮಗೆ ಯಾಕೆ ಹೊಳೆಯಿತು?’ ಪ್ರಶ್ನೆ ಕೇಳಿದವರು ಉತ್ತರಿಸುವವರ ಮುಖ ನೋಡುತ್ತಾರೆ. ಸಭೆಯೂ ಆಕೆಯ ಮುಖ ನೋಡುತ್ತದೆ. ಅಷ್ಟರಲ್ಲಿ ಹೆಬ್ಬೆರಳು 5ರ ಬೆನ್ನುಗೆರೆ ಇಳಿಸಿ, ಹಿಂದಿನ ಬೆರಳುಗಳಿಂದ ಕಾರ್ಡನ್ನು ತುಸು ಸರಿಸಿ ಹೊಟ್ಟೆ ತಿರುಗಿಸಿ, ಮೇಲೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ 7 ಮುಗಿಸಿರುತ್ತದೆ. ಮುಂಗೈ ಅಲುಗುವಂತಿಲ್ಲ, ಭುಜ ಬಿಗಿಯುವಂತಿಲ್ಲ. ಮುಖ್ಯವಾಗಿ, ಕಣ್ಣು ಕಾರ್ಡಿನತ್ತ ಇಳಿಯುವಂತಿಲ್ಲ. ಪ್ರದರ್ಶಕರ ಕಣ್ಣು ಹೋದ ಕಡೆ ಸಭೆಯ ಕಣ್ಣು ಹೋಗುತ್ತದೆ.

ಮೊದಲಿನ ನಟನೆಯೂ ಇಷ್ಟೇ ಎಚ್ಚರ ಬೇಡುತ್ತದೆ. ಎರಡು ಅಂಕಿ ಬರೆಯಲು ಹಿಡಿಯುವಷ್ಟೇ ಹೊತ್ತು ಲೇಖನಿ ಆಡಬೇಕು, ಅಷ್ಟೇ ಸದ್ದು ಮಾಡಬೇಕು. ಬರೆದು ಮುಗಿಸಿದವರು ಸಹಜವಾಗಿ ಒಮ್ಮೆ ಬರೆದದ್ದನ್ನು ನೋಡಿಕೊಳ್ಳುತ್ತಾರೆ, ಅದನ್ನೂ ಮಾಡಬೇಕು. ಆಮೇಲೆ ಲೇಖನಿ ಜೇಬಿಗೆ ಹೋಗುತ್ತದೆ. ಹೆಬ್ಬೆರಳಿಗೆ ಸಾಧನ ಏರುವುದು ಆ ಜೇಬಿನಲ್ಲೇ. ಲೇಖನಿ ದೂರವಾಯಿತು ಎಂಬುದು ಸಭೆಯ ನೆನಪಿನಲ್ಲಿ ಉಳಿಯುವ ಕ್ಷಣವೂ ನಿಜವಾದ ಲೇಖನಿ ಕೈಗೆ ಬರುವ ಕ್ಷಣವೂ ಒಂದೇ. ಈ ವಿದ್ಯೆಯ ಸೊಗಸೆಲ್ಲ ಅಲ್ಲಿದೆ.

ಆದ್ದರಿಂದ ಸಾಧನ ಆರಿಸುವಾಗ ‘ಬರೆಯಲು ಬರುತ್ತದೆಯೆ?’ ಎಂದಷ್ಟೇ ನೋಡಿದರೆ ಸಾಲದು. ನೋಡದೆ, ಒಂದೇ ಕೈಯಲ್ಲಿ, ಜೇಬಿನೊಳಗೆ ಹಾಕಿಕೊಳ್ಳಲು ಬರುತ್ತದೆಯೆ, ಕಾರ್ಡು ಕೊಟ್ಟ ಮೇಲೆ ಹಾಗೆಯೇ ಕಳಚಲು ಬರುತ್ತದೆಯೆ ಎಂದೂ ನೋಡಬೇಕು. ಅಭ್ಯಾಸಕ್ಕೆ ಕನ್ನಡಿಗಿಂತ ಮೊಬೈಲ್ ಕ್ಯಾಮೆರಾ ಒಳ್ಳೆಯದು; ಕನ್ನಡಿಯಲ್ಲಿ ನಮ್ಮ ಕಣ್ಣು ನಮ್ಮ ಕೈಯನ್ನೇ ಕಾಯುತ್ತಿರುತ್ತದೆ. ಮನೆಯಲ್ಲಿ ದಿನವಿಡೀ ಹಾಕಿಕೊಂಡು ಓಡಾಡಿ. ಕಾಫಿ ಲೋಟ ಎತ್ತಿ, ಪೇಪರ್ ಓದಿ, ಫೋನ್ ಮಾಡಿ. ಅದು ಬೆರಳಲ್ಲಿದೆ ಎಂಬುದನ್ನು ನೀವು ಮರೆತ ದಿನ ಬೇರೆಯವರೂ ಗಮನಿಸುವುದಿಲ್ಲ.

ಬೇರೆ ದಾರಿಗಳೂ ಇವೆ

ಪ್ರತಿ ಭವಿಷ್ಯವಾಣಿಗೂ ಹೆಬ್ಬೆರಳೇ ಬೇಕೆಂದಿಲ್ಲ. ಜೇಬಿನಲ್ಲಿ ಮೋಟು ಪೆನ್ಸಿಲ್ ಮತ್ತು ಕಾರ್ಡಿಟ್ಟುಕೊಂಡು ಅಲ್ಲೇ ಗೀಚುವ ಪಾಕೆಟ್ ರೈಟಿಂಗ್ ಹಳೆಯ ಉಪಾಯ. ಕಾರ್ಬನ್ ಕಾಗದ ಇಟ್ಟ ಲಕೋಟೆಯ ಹೊರಗೆ ಒತ್ತಿ ಬರೆದು ಒಳಗಿನ ಕಾರ್ಡಿನ ಮೇಲೆ ಮೂಡಿಸುವುದು ಇನ್ನೊಂದು. ಆಯ್ಕೆಯೇ ಮೊದಲು ತಿಳಿಯುವಂತೆ ಮಾಡುವ, ಅಂದರೆ ಪ್ರೇಕ್ಷಕರಿಗೆ ಗೊತ್ತಾಗದಂತೆ ಅವರು ನಮಗೆ ಬೇಕಾದದ್ದನ್ನೇ ಆರಿಸುವಂತೆ ಮಾಡುವ ವಿಧಾನಗಳ ಮೇಲೆ ಆನ್‌ಮನ್ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಈಚೆಗೆ ಎಲೆಕ್ಟ್ರಾನಿಕ್ ಪ್ಯಾಡ್‌ಗಳು, ಫೋನಿಗೆ ಸುದ್ದಿ ಕಳಿಸುವ ಯಂತ್ರಗಳೂ ಬಂದಿವೆ. ಬ್ಯಾಟರಿ ಮುಗಿದರೆ, ನೆಟ್‌ವರ್ಕ್ ಸಿಗದಿದ್ದರೆ ಅವು ಕೈಕೊಡುತ್ತವೆ. ಹೆಬ್ಬೆರಳಿಗೆ ಚಾರ್ಜ್ ಬೇಕಿಲ್ಲ. ಹಳ್ಳಿ ಶಾಲೆಯ ಜಗುಲಿಯ ಮೇಲೂ ಅದು ಕೆಲಸ ಮಾಡುತ್ತದೆ.

ಪ್ರಯೋಗ ದೊಡ್ಡ ಸಭಾಂಗಣಕ್ಕಾದರೆ, ಉದ್ದದ ಹೆಸರು ಬೇಕಾದರೆ, ಸುತ್ತಲೂ ಜನ ನಿಂತು ಬೆನ್ನ ಹಿಂದಿನಿಂದಲೂ ನೋಡುವಂತಿದ್ದರೆ ನೇಲ್ ರೈಟರ್ ಬಿಟ್ಟು ಬೇರೆ ದಾರಿ ಹಿಡಿಯುವುದೇ ವಿವೇಕ. ಎದುರಿಗೆ ಕೂತ ಜನ, ಚಿಕ್ಕ ಬರಹ, ಪೂರ್ತಿ ಮುಕ್ತ ಆಯ್ಕೆ: ಈ ಮೂರೂ ಕೂಡಿದಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಗೆರೆ ಎಲ್ಲಿ ಎಳೆಯಬೇಕು

ಸಾಧನದ ಆಯ್ಕೆಗಿಂತ ದೊಡ್ಡ ಆಯ್ಕೆಯೊಂದಿದೆ. ಅದನ್ನು ಎಲ್ಲಿ ಬಳಸುತ್ತೇವೆ ಎಂಬುದು. ಸ್ಲೇಡ್‌ನಂಥವರ ಮುಂದೆ ಕೂತು ಕಣ್ಣೀರಿಟ್ಟವರಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರೂ ಇದ್ದರು. ವಿಲಿಯಂ ರಾಬಿನ್ಸನ್ ಎಂಬ ಜಾದೂಗಾರ ಸ್ಲೇಟು ಬರಹದ ತಂತ್ರಗಳನ್ನು 1898ರಲ್ಲಿ ಪುಸ್ತಕವಾಗಿ ಹೊರತಂದದ್ದು, ಹ್ಯಾರಿ ಹೂಡಿನಿ 1924ರಲ್ಲಿ ಆತ್ಮವಾದಿಗಳ ಬಂಡವಾಳ ಬಯಲು ಮಾಡುವ ಪುಸ್ತಕ ಬರೆದದ್ದು ಸುಮ್ಮನೆ ಅಲ್ಲ. ಮೋಸದ ವಿದ್ಯೆಯನ್ನು ಬಲ್ಲವರಿಗೆ ಮೋಸಗಾರರನ್ನು ಗುರುತಿಸುವ ಹೊಣೆಯೂ ಇರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಸ್ಲೇಡ್ ಮೊಕದ್ದಮೆ ನಡೆದು ನೂರು ವರ್ಷಕ್ಕೆ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿ ರಚಿಸಿದರು. ಪ್ರಶ್ನೆ ಮಾಡುವುದೇ ಜ್ಞಾನದ ಮೊದಲ ಹೆಜ್ಜೆ ಎಂದು ನಂಬಿದ್ದ ಅವರು ತೀವ್ರ ವಿರೋಧ ಬಂದಾಗಲೂ ಹಿಂಜರಿಯಲಿಲ್ಲ. ಕೊಯಮತ್ತೂರು ಬಳಿಯ ಪೋದನೂರಿನ ಬಿ. ಪ್ರೇಮಾನಂದ್ ದೇಶವಿಡೀ ಸುತ್ತಿ, ನಮ್ಮಲ್ಲಿ ಹುಲಿಕಲ್ ನಟರಾಜ್ ಊರೂರು ತಿರುಗಿ, ಪವಾಡವೆಂದು ತೋರಿಸುವ ತಂತ್ರಗಳನ್ನು ಜನರೆದುರು ಮಾಡಿ ವಿವರಿಸಿದರು. ಬೂದಿ ಸೃಷ್ಟಿಸುವ ಕೈಯ ಗುಟ್ಟೂ ಸಂಖ್ಯೆ ಬರೆಯುವ ಬೆರಳ ಗುಟ್ಟೂ ಒಂದೇ ಮನೆತನದವು.

ವೇದಿಕೆಯ ಮೇಲೆ ನಿಂತು, ಟಿಕೆಟ್ ಕೊಂಡು ಬಂದವರಿಗೆ ಒಂದು ಸಂಜೆಯ ಅಚ್ಚರಿ ಕೊಡುವುದು ಕಲೆ. ಅದೇ ಬೆರಳನ್ನು ಬಳಸಿ ಮದುವೆಯಾಗದ ಹುಡುಗಿಯ ತಾಯಿಗೆ ಭವಿಷ್ಯ ಹೇಳುವುದು, ಕಾಯಿಲೆಯವರಿಗೆ ಭರವಸೆ ಮಾರುವುದು ಅಪರಾಧ. ಇವೆರಡರ ನಡುವೆ ಯಾವ ಬೂದು ಬಣ್ಣದ ಜಾಗವನ್ನೂ ನಾನು ಒಪ್ಪಲಾರೆ. ಪ್ರದರ್ಶನ ಮುಗಿದ ಮೇಲೆ ಯಾರಾದರೂ ಬಳಿಬಂದು, ಗದ್ಗದ ದನಿಯಲ್ಲಿ ‘ನನ್ನ ಮಗನ ವಿಷಯ ಸ್ವಲ್ಪ ನೋಡಿ ಹೇಳಿ’ ಎಂದರೆ, ‘ಇದು ಜಾದೂ, ನನಗೆ ಅಂಥ ಶಕ್ತಿಯೇನೂ ಇಲ್ಲ’ ಎಂದು ಸ್ಪಷ್ಟವಾಗಿ ಹೇಳುವ ಧೈರ್ಯ ಇಲ್ಲದವರು ಈ ಸಾಧನವನ್ನು ಮುಟ್ಟಲೇಬಾರದು. ಹಾಗೆ ಹೇಳಿದರೆ ಅಚ್ಚರಿ ಕಡಿಮೆಯಾಗುವುದಿಲ್ಲ. ಹೇಗೆ ಮಾಡಿದರೆಂದು ಗೊತ್ತಿಲ್ಲದಿದ್ದರೂ ಏನು ಮಾಡಿದರೆಂದು ಗೊತ್ತಿರುವ ಪ್ರೇಕ್ಷಕರು ಹೆಚ್ಚು ಸಂತೋಷದಿಂದಲೇ ಚಪ್ಪಾಳೆ ತಟ್ಟುತ್ತಾರೆ.

ಕಲಿಯಲು ಹೊರಟವರಿಗೆ ಇಷ್ಟು ಹೇಳಬಲ್ಲೆ. ಮೊದಲು ಪ್ರಯೋಗ ಬರೆದುಕೊಳ್ಳಿ, ಆಮೇಲೆ ಕಾಗದ, ಆಮೇಲೆ ಕಡ್ಡಿ, ಕೊನೆಗೆ ಸಾಧನ. ಉಗುರಿಗೆ ಅಂಟುವ, ಮೆದು ಕಡ್ಡಿಯ ಚಿಕ್ಕದೊಂದನ್ನು ಆರಿಸಿ. ಬೇರೆಲ್ಲವನ್ನೂ ಒಂದು ವರ್ಷ ಮರೆತುಬಿಡಿ. ನೋಡುವವರಿಗೆ ಹೇಳುವ ಮಾತು ಇನ್ನೂ ಚಿಕ್ಕದು. ಮುಂದಿನ ಸಲ ಯಾರಾದರೂ ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಮನಸಾರೆ ಚಪ್ಪಾಳೆ ತಟ್ಟಿ. ಅವರು ನಿಮ್ಮ ನಾಳೆಯನ್ನೂ ಹೇಳುತ್ತೇವೆಂದು ದುಡ್ಡು ಕೇಳಿದರೆ ಎದ್ದು ಬನ್ನಿ.